ಇಲಿಯ ಎಚ್‌ಡಿಎಲ್‌ಗೆ ಎರಡು ಗುರುತು ಕಟ್ಟಿದ್ದು: ನನ್ನ ಅನುಭವ

ಒಂದೇ ಇಲಿಯಿಂದ, ಅದು ಬದುಕಿರುವಾಗಲೇ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ಏಳು ಸಲ ರಕ್ತ ತೆಗೆದು, ಕೊಲೆಸ್ಟರಾಲನ್ನು ಹೊತ್ತು ರಕ್ತದಲ್ಲಿ ಸಾಗುವ ಎಚ್‌ಡಿಎಲ್ ಕಣದ ಪ್ರೋಟೀನು ಎಷ್ಟು ಬೇಗ, ಅದರೊಳಗಿನ ಹೊರೆಯಾದ ಕೊಲೆಸ್ಟರಾಲ್ ಎಸ್ಟರು ಎಷ್ಟು ಬೇಗ ರಕ್ತದಿಂದ ಮಾಯವಾಗುತ್ತವೆ ಎಂಬುದನ್ನು ಬೇರೆ ಬೇರೆಯಾಗಿ ಅಳೆಯುತ್ತೇನೆ ಎಂದು ನಾನು ಹೇಳಿದಾಗ ನಮ್ಮ ಪ್ರಯೋಗಾಲಯದಲ್ಲಿ ನಕ್ಕವರೇ ಹೆಚ್ಚು. ಪ್ರತಿ ಸಮಯಕ್ಕೂ ಐದೈದು ಇಲಿಗಳನ್ನು ಕೊಂದು ಸರಾಸರಿ ತೆಗೆಯುವುದೇ ಸರಿಯಾದ ದಾರಿ ಎಂದು ಹಿರಿಯರೊಬ್ಬರು ಬುದ್ಧಿ ಹೇಳಿದರು. ಅವರ ಲೆಕ್ಕದಲ್ಲಿ ಎಪ್ಪತ್ತು ಇಲಿಗಳು ಬೇಕಿದ್ದವು, ಅದರಲ್ಲಿ ಅರ್ಧ ನಾಕ್‌ಔಟ್, ಅಂದರೆ ಜೀನೊಂದನ್ನು ಕೆಡಿಸಿದವು. ಎಚ್‌ಡಿಎಲ್ ಅನ್ನು ಕೋಶದ ಬಾಗಿಲಲ್ಲಿ ಹಿಡಿಯುವ ಎಸ್‌ಆರ್-ಬಿ1 ಎಂಬ ರಿಸೆಪ್ಟರ್ ಇಲ್ಲದ ಈ ನಾಕ್‌ಔಟ್ ಇಲಿಗಳನ್ನು ಸಾಕಿದವರಿಗೆ ಮೂವತ್ತೈದು ಎಂಬ ಸಂಖ್ಯೆ ಎಂಥದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ರಿಸೆಪ್ಟರಿನ ಪರಿಚಯಕ್ಕೆ ಇಲ್ಲಿ ಜಾಗ ವ್ಯಯಿಸುವುದಿಲ್ಲ. 1996ರಲ್ಲಿ ಎಂಐಟಿಯ ಮಾಂಟಿ ಕ್ರೀಗರ್ ಅವರ ಗುಂಪು ಅದನ್ನು ಎಚ್‌ಡಿಎಲ್‌ನ ರಿಸೆಪ್ಟರ್ ಎಂದು ತೋರಿಸಿದ್ದು, 1997ರಲ್ಲಿ ಅದರ ಜೀನು ಕೆಡಿಸಿದ ಇಲಿಗಳ ರಕ್ತದಲ್ಲಿ ಕೊಲೆಸ್ಟರಾಲ್ ಸುಮಾರು 2.2 ಪಟ್ಟು ಏರಿದ್ದು, ಆದರೂ ಎಚ್‌ಡಿಎಲ್‌ನ ಮುಖ್ಯ ಪ್ರೋಟೀನಾದ ಅಪೊ ಎ-1 ಹೆಚ್ಚುಕಡಿಮೆ ಇದ್ದಷ್ಟೇ ಉಳಿದದ್ದು ಎಲ್ಲರಿಗೂ ಗೊತ್ತು. ಪ್ರೋಟೀನು ಹೆಚ್ಚದೆ ಕೊಲೆಸ್ಟರಾಲ್ ಮಾತ್ರ ಹೆಚ್ಚಿತು ಎಂದರೆ ಕಣ ದಪ್ಪವಾಯಿತು ಎಂದರ್ಥ, ಅಂದರೆ ಅದರ ಹೊರೆ ಇಳಿಯುತ್ತಿಲ್ಲ. ರಕ್ತದಲ್ಲಿರುವ ಮೊತ್ತವನ್ನು ಅಳೆದವರು ಇಲ್ಲಿಯವರೆಗೆ ಬಂದು ನಿಲ್ಲುತ್ತಾರೆ. ಹೊರೆ ಇಳಿಯುವ ವೇಗವನ್ನೂ ಹೊರೆ ಹೊತ್ತ ಕಣ ಸಾಯುವ ವೇಗವನ್ನೂ ಒಂದೇ ಪ್ರಾಣಿಯಲ್ಲಿ ಅಕ್ಕಪಕ್ಕ ಇಟ್ಟು ನೋಡಬೇಕೆಂಬುದು ನನ್ನ ಹಟವಾಗಿತ್ತು. ಒಂದು ಕಣದಿಂದ ಇನ್ನೊಂದಕ್ಕೆ ಎಸ್ಟರನ್ನು ದಾಟಿಸುವ ಸಿಇಟಿಪಿ ಎಂಬ ಪ್ರೋಟೀನು ಇಲಿಯಲ್ಲಿ ಇಲ್ಲದಿರುವುದು ಇದಕ್ಕೆ ದೊಡ್ಡ ಅನುಕೂಲ, ಏಕೆಂದರೆ ಎಚ್‌ಡಿಎಲ್‌ನ ಎಸ್ಟರು ಬೇರೆ ಲೈಪೋಪ್ರೋಟೀನುಗಳಿಗೆ, ಅಂದರೆ ಕೊಬ್ಬು ಹೊರುವ ಬೇರೆ ಕಣಗಳಿಗೆ, ಸೋರಿಹೋಗಿ ಲೆಕ್ಕ ತಪ್ಪಿಸುವ ಭಯವಿಲ್ಲ. ಆ ಭಯವನ್ನು ನಾನೇ ಕೈಯಾರೆ ತಂದುಕೊಂಡ ಕಥೆ ಮುಂದೆ ಬರುತ್ತದೆ.

ಮೊದಲ ಪೆಟ್ಟು ಬಿದ್ದದ್ದು ತಳಿ ಬೆಳೆಸುವುದರಲ್ಲಿ. ನಾಕ್‌ಔಟ್ ಹೆಣ್ಣುಗಳು ಬಂಜೆ ಎಂಬುದು ಓದಿನಿಂದ ತಿಳಿದಿತ್ತು, ಆದ್ದರಿಂದ ಕೆಟ್ಟ ಜೀನಿನ ಒಂದೇ ಪ್ರತಿ ಇರುವ ಹೆಟಿರೊ ಜೋಡಿಗಳನ್ನೇ ಕೂಡಿಸಿದೆ. ನಾಲ್ಕರಲ್ಲೊಂದು ಮರಿ ಸಿಗಬೇಕಾದಲ್ಲಿ ಹಾಲು ಬಿಡಿಸುವ ಹೊತ್ತಿಗೆ ಎಂಟರಲ್ಲೊಂದು ಸಿಕ್ಕರೆ ಹೆಚ್ಚು. ಹಲವು ಭ್ರೂಣಗಳು ನರನಾಳ ಮುಚ್ಚಿಕೊಳ್ಳದೆ ಗರ್ಭದಲ್ಲೇ ಹೋಗುತ್ತವೆ. ಎಂಟು ತಿಂಗಳು ಪಂಜರಗಳ ಬಾಡಿಗೆ ಕಟ್ಟಿ ಕೈಗೆ ಬಂದದ್ದು ಒಂಬತ್ತು ಗಂಡು. ಆ ಬಾಡಿಗೆಯೊಂದೇ ಅನುದಾನದ ಐದರಲ್ಲೊಂದು ಪಾಲನ್ನು ನುಂಗಿತು ಎಂದು ನೆನಪು. ಆಮೇಲೆ ನಾಕ್‌ಔಟ್ ಗಂಡನ್ನು ಹೆಟಿರೊ ಹೆಣ್ಣಿನ ಜೊತೆ ಬಿಟ್ಟು ಪಾಲನ್ನು ಸುಧಾರಿಸಿಕೊಂಡೆವು. ಪ್ರೊಬ್ಯುಕಾಲ್ ಬೆರೆಸಿದ ಮೇವು ಹಾಕಿದರೆ ನಾಕ್‌ಔಟ್ ಹೆಣ್ಣೂ ಮರಿ ಹಾಕುತ್ತದೆ, ಅದನ್ನೂ ಮಾಡಿ ನೋಡಿದೆ. ಆದರೆ ಆ ಔಷಧಿಯೇ ಎಚ್‌ಡಿಎಲ್‌ನ ಮೇಲೆ ಕೈಯಾಡಿಸುವುದರಿಂದ ಆ ಮರಿಗಳನ್ನು ಅಳತೆಗೆ ಬಳಸಲು ಮನಸ್ಸು ಒಪ್ಪಲಿಲ್ಲ.

ಎರಡನೆಯ ಪೆಟ್ಟು ಇನ್ನೂ ಮುಜುಗರದ್ದು. ಒಂಬತ್ತು ಗಂಡುಗಳ ಪ್ಲಾಸ್ಮಾವನ್ನು ಒತ್ತರಿಸುವ ಕಿಟ್‌ನಲ್ಲಿ, ಅಂದರೆ ಎಲ್‌ಡಿಎಲ್‌ನಂಥ ಬೇರೆ ಕಣಗಳನ್ನು ತಳಕ್ಕಿಳಿಸಿ ಮೇಲೆ ಉಳಿದದ್ದನ್ನು ಎಚ್‌ಡಿಎಲ್ ಎಂದು ಅಳೆಯುವ ಕಿಟ್‌ನಲ್ಲಿ, ಹಾಕಿದಾಗ ಒಟ್ಟು ಕೊಲೆಸ್ಟರಾಲ್ ಡೆಸಿಲೀಟರಿಗೆ 90 ಮಿಲಿಗ್ರಾಂ ಆಸುಪಾಸಿನಿಂದ 200ರ ಹತ್ತಿರ ಏರಿತ್ತು, ಸರಿ. ಆದರೆ ಕಿಟ್ ತೋರಿಸಿದ ಎಚ್‌ಡಿಎಲ್ ಅಷ್ಟೇನೂ ಏರಿರಲಿಲ್ಲ, ಹೆಚ್ಚಿದ್ದೆಲ್ಲ ಎಲ್‌ಡಿಎಲ್ ಎಂದು ಬಂತು. ವಾರದ ಸಭೆಯಲ್ಲಿ ಇದನ್ನು ತೋರಿಸಿದಾಗ ಜೀನೋಟೈಪಿಂಗ್ ತಪ್ಪಿರಬೇಕು, ಪಂಜರಗಳು ಅದಲುಬದಲಾಗಿರಬೇಕು ಎಂಬ ಮಾತುಗಳು ಎದ್ದವು. ಎರಡು ವಾರ ಬಾಲದ ತುದಿಗಳ ಪಿಸಿಆರ್ ಮತ್ತೆ ಮಾಡುತ್ತ ಕುಳಿತೆ, ತಪ್ಪೇನೂ ಸಿಗಲಿಲ್ಲ. ಕೊನೆಗೆ ಕಣಗಳನ್ನು ಗಾತ್ರದಂತೆ ಬೇರ್ಪಡಿಸುವ, ದಪ್ಪದವು ಮೊದಲು ಹೊರಬರುವ ಸುಪರೋಸ್ 6 ಕಾಲಮ್ಮಿನಲ್ಲಿ ಇಳಿಸಿದಾಗ ಗುಟ್ಟು ಬಯಲಾಯಿತು. ಎಚ್‌ಡಿಎಲ್‌ನ ಶಿಖರವೇ ಎಡಕ್ಕೆ ಸರಿದು, ಅಗಲವಾಗಿ, ಎಲ್‌ಡಿಎಲ್‌ನ ಜಾಗದವರೆಗೂ ಕಾಲು ಚಾಚಿತ್ತು. ಈ ದಪ್ಪ ಕಣಗಳಲ್ಲಿ ಅಪೊ ಇ ಎಂಬ ಪ್ರೋಟೀನು ಹೇರಳವಾಗಿರುತ್ತದೆ, ಅಪೊ ಇ ಇದ್ದ ಕಣಗಳು ಒತ್ತರಿಸುವ ದ್ರಾವಣದಲ್ಲಿ ಎಲ್‌ಡಿಎಲ್‌ನ ಜೊತೆಗೇ ತಳ ಸೇರುತ್ತವೆ. ಮನುಷ್ಯರ ಪ್ಲಾಸ್ಮಾಕ್ಕೆ ಮಾಡಿದ ಕಿಟ್ ಈ ಇಲಿಗಳ ಮಟ್ಟಿಗೆ ಸುಳ್ಳು ಹೇಳುತ್ತದೆ. ಅದೇ ಪ್ಲಾಸ್ಮಾದಲ್ಲಿ ಎಸ್ಟರಾಗದ ಕೊಲೆಸ್ಟರಾಲ್ ಒಟ್ಟಿನ ಅರ್ಧದಷ್ಟಿತ್ತು, ಸಹಜ ಇಲಿಗಳಲ್ಲಿ ಅದು ಕಾಲುಭಾಗದ ಆಸುಪಾಸು ಇರುತ್ತದೆ. ನಾಕ್‌ಔಟ್ ನಿಜವೋ ಸುಳ್ಳೋ ಎಂದು ನೋಡಲು ಈಗ ನಾನು ಪಿಸಿಆರ್‌ಗಿಂತ ಮೊದಲು ಈ ಅನುಪಾತವನ್ನೇ ನೋಡುತ್ತೇನೆ.

ಮೂರನೆಯದು ಉಪವಾಸದ ಎಡವಟ್ಟು. ಲಿಪಿಡ್ ಅಳೆಯುವ ಮೊದಲು ರಾತ್ರಿಯಿಡೀ ಮೇವು ತೆಗೆಯುವುದು ನಮ್ಮ ಹಳೆಯ ಅಭ್ಯಾಸ. ಬೆಳಿಗ್ಗೆ ಹೋಗಿ ನೋಡಿದರೆ ನಾಕ್‌ಔಟ್‌ಗಳು ಮೂಲೆಯಲ್ಲಿ ರೋಮ ನಿಮಿರಿಸಿಕೊಂಡು ಮುದುರಿ ಕುಳಿತಿದ್ದವು, ಗ್ಲುಕೋಸ್ ತೀರಾ ಇಳಿದಿತ್ತು, ಅವುಗಳಲ್ಲಿ ಎರಡು ಮಧ್ಯಾಹ್ನದೊಳಗೆ ಸತ್ತವು. ಇವುಗಳ ಅಡ್ರಿನಲ್ ಗ್ರಂಥಿಗೆ ಎಚ್‌ಡಿಎಲ್‌ನಿಂದ ಕೊಲೆಸ್ಟರಾಲ್ ಸಿಗುವುದಿಲ್ಲವಾದ್ದರಿಂದ ಸಂಕಟದ ಹೊತ್ತಿಗೆ ಬೇಕಾದಷ್ಟು ಕಾರ್ಟಿಕೊಸ್ಟೆರೋನ್ ಹಾರ್ಮೋನು ಹೊರಬರುವುದಿಲ್ಲ. ಹೊಟ್ಟೆ ಸೀಳಿದಾಗ ಗ್ರಂಥಿಯ ಬಣ್ಣದಲ್ಲೇ ಇದು ಕಾಣುತ್ತದೆ, ಸಹಜ ಇಲಿಯಲ್ಲಿ ಕೆನೆಯಂಥ ನಸುಹಳದಿ, ಇವುಗಳಲ್ಲಿ ಕೆಂಗಂದು. ತಿಳಿದೂ ತಿಳಿದೂ ಎರಡು ಪ್ರಾಣಿಗಳನ್ನು ಕಳೆದುಕೊಂಡ ಮೇಲೆ ಬೆಳಗಿನ ಹೊತ್ತು ನಾಲ್ಕು ತಾಸಿಗಿಂತ ಹೆಚ್ಚು ಮೇವು ತೆಗೆದಿಲ್ಲ.

ಇನ್ನು ಮುಖ್ಯ ಕೆಲಸಕ್ಕೆ, ಅಂದರೆ ಕಣಕ್ಕೆ ಕಟ್ಟುವ ವಿಕಿರಣದ ಎರಡು ಗುರುತುಗಳಿಗೆ, ಬರುತ್ತೇನೆ. ಪ್ರೋಟೀನಿಗೆ ಅಯೋಡಿನ್-125 ಹಚ್ಚಿದ ಟೈರಮೀನ್ ಸೆಲ್ಲೋಬಯೋಸ್, ಎಸ್ಟರಿನ ಬದಲಿಗೆ ಟ್ರಿಟಿಯಂ ಹಚ್ಚಿದ ಕೊಲೆಸ್ಟರಿಲ್ ಈಥರ್. ಒಮ್ಮೆ ಜೀವಕೋಶದೊಳಗೆ ಹೋದರೆ ಎರಡೂ ಅಲ್ಲೇ ಸಿಕ್ಕಿಬೀಳುತ್ತವೆ ಎಂಬುದೇ ಇವುಗಳ ಬಲ. ವಿಧಾನ ನನ್ನದಲ್ಲ, 1980ರ ದಶಕದಲ್ಲಿ ಪಿಟ್‌ಮನ್, ಗ್ಲಾಸ್, ಸ್ಟೈನ್‌ಬರ್ಗ್ ಮುಂತಾದವರು ಇಂಥ ಗುರುತುಗಳಿಂದಲೇ ಕಣವನ್ನು ನುಂಗದೆ ಅದರ ಎಸ್ಟರನ್ನು ಮಾತ್ರ ಎಳೆದುಕೊಳ್ಳುವ ಆಯ್ದ ಹೀರಿಕೆಯನ್ನು ತೋರಿಸಿದ್ದರು. ಅದನ್ನು ಹತ್ತು ಮೈಕ್ರೋಲೀಟರ್ ಪ್ಲಾಸ್ಮಾದಲ್ಲಿ ಮಾಡಿ ದಕ್ಕಿಸಿಕೊಳ್ಳುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು, ಅದಕ್ಕೇ ಎರಡು ವರ್ಷ ಹಿಡಿಯಿತು.

ಮೊದಲ ತಯಾರಿಯಲ್ಲಿ ಗುರುತನ್ನು ಪ್ರೋಟೀನಿಗೆ ಕಟ್ಟುವ ಸಯನ್ಯೂರಿಕ್ ಕ್ಲೋರೈಡ್ ಧಾರಾಳವಾಯಿತು. ಗುರುತು ಚೆನ್ನಾಗಿ ಹತ್ತಿದೆ ಎಂದು ಬೀಗುತ್ತ ಚುಚ್ಚಿದರೆ ಹತ್ತನೆಯ ನಿಮಿಷದ ರಕ್ತದಲ್ಲೇ ಅರ್ಧದಷ್ಟು ಇರಲಿಲ್ಲ. ಕಣ ಕೆಟ್ಟಿತ್ತು, ಯಕೃತ್ತಿನ ಕುಫ್ಫರ್ ಕೋಶಗಳು ಅದನ್ನು ಕಸವೆಂದು ಗುಡಿಸಿಹಾಕಿದ್ದವು. ಎರಡನೆಯ ತಯಾರಿಯಲ್ಲಿ ಪ್ರೋಟೀನಿನ ಗೆರೆ, ಅಂದರೆ ಹೊತ್ತು ಕಳೆದಂತೆ ರಕ್ತದಲ್ಲಿ ಉಳಿದದ್ದರ ನಕ್ಷೆ, ಸರಿಬಂತು, ಆದರೆ ಟ್ರಿಟಿಯಂ ವಿಚಿತ್ರವಾಗಿ ವರ್ತಿಸಿತು. ಮೂರು ಗಂಟೆಯ ಪ್ಲಾಸ್ಮಾವನ್ನು ಕಾಲಮ್ಮಿನಲ್ಲಿ ಇಳಿಸಿದಾಗ ಈಥರಿನ ಒಂದು ಪಾಲು ವಿಎಲ್‌ಡಿಎಲ್ ಎಂಬ ಬೇರೆ ಲೈಪೋಪ್ರೋಟೀನು ಬರುವ ಜಾಗದಲ್ಲಿ ಕುಳಿತಿತ್ತು. ಸಿಇಟಿಪಿ ಇಲ್ಲದ ಇಲಿಯಲ್ಲಿ ಇದು ಹೇಗೆ ಸಾಧ್ಯ ಎಂದು ತಲೆ ಕೆಡಿಸಿಕೊಂಡು ಒಂದು ವಾರ ಕಳೆದ ಮೇಲೆ, ಲೈಪೋಸೋಮಿನಿಂದ, ಅಂದರೆ ಕೊಬ್ಬಿನ ಸಣ್ಣ ಗುಳ್ಳೆಗಳಿಂದ, ಎಚ್‌ಡಿಎಲ್‌ಗೆ ಈಥರನ್ನು ದಾಟಿಸಲು ನಾನೇ ಮನುಷ್ಯರ ಪ್ಲಾಸ್ಮಾದ ಲೈಪೋಪ್ರೋಟೀನ್‌ರಹಿತ ಭಾಗವನ್ನು, ಅಂದರೆ ಅದರಲ್ಲಿದ್ದ ಸಿಇಟಿಪಿಯನ್ನು, ಬೆರೆಸಿದ್ದು ನೆನಪಾಯಿತು. ಅದು ಎಚ್‌ಡಿಎಲ್‌ಗೆ ಅಂಟಿಕೊಂಡು ಇಲಿಯೊಳಗೂ ಹೋಗಿ ತನ್ನ ಕೆಲಸ ಮುಂದುವರಿಸಿತ್ತು. ಅಂದಿನಿಂದ ಗುರುತು ಹಾಕಿದ ಎಚ್‌ಡಿಎಲ್ ಅನ್ನು ಸೆಂಟ್ರಿಫ್ಯೂಜಿನಲ್ಲಿ ಎರಡು ಸಲ ತೇಲಿಸಿ ಬೇರ್ಪಡಿಸುತ್ತೇನೆ, ಚುಚ್ಚುವ ಮೊದಲು ಅದರದೊಂದು ಚೂರನ್ನು ಇಲಿಯ ಪ್ಲಾಸ್ಮಾದ ಜೊತೆ ಕೆಲವು ಗಂಟೆ ಬೆಚ್ಚಗಿಟ್ಟು, ಈಥರ್ ಎಚ್‌ಡಿಎಲ್‌ನಲ್ಲೇ ಉಳಿಯುತ್ತದೆಯೇ ಎಂದು ಕಾಲಮ್ಮಿನಲ್ಲಿ ನೋಡುತ್ತೇನೆ. ಲೈಪೋಸೋಮನ್ನೂ ಎಚ್‌ಡಿಎಲ್ ಅನ್ನೂ ಯಾವ ಪ್ರಮಾಣದಲ್ಲಿ ಬೆರೆಸಿದರೆ ಕಣದ ಗಾತ್ರ ಕೆಡದೆ ಗುರುತು ಹತ್ತುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಹನ್ನೊಂದು ತಯಾರಿಗಳು ಬಲಿಯಾಗಿವೆ, ಬೇಕಾದವರು ನಾಲ್ಕೈದನ್ನಾದರೂ ತಾವೇ ಕೆಡಿಸಿ ಕಂಡುಕೊಳ್ಳಲಿ.

ಖರ್ಚಿನ ಮಾತು ಹೇಳಲೇಬೇಕು. ಅಯೋಡಿನ್-125ರ ಅರ್ಧಾಯುಷ್ಯ ಸುಮಾರು ಅರವತ್ತು ದಿನ. ಪೊಟ್ಟಣ ಒಂದು ವಾರ ತಡವಾಗಿ ಬಂತೆಂದರೆ, ಇಲಿಗಳಿಗೆ ವಯಸ್ಸಾಯಿತೆಂದರೆ, ಸೆಂಟ್ರಿಫ್ಯೂಜ್ ಸರದಿ ಸಿಗಲಿಲ್ಲವೆಂದರೆ ಹಣ ಕೂತಲ್ಲೇ ಕರಗುತ್ತದೆ. ವರ್ಷದ ಸಾಮಗ್ರಿ ಖರ್ಚಿನ ಮೂರರಲ್ಲೊಂದು ಪಾಲು ವಿಕಿರಣದ ವಸ್ತುಗಳಿಗೇ ಹೋಯಿತು, ಅದರಲ್ಲೂ ಈಥರಿನದೇ ಸಿಂಹಪಾಲು. ತ್ಯಾಜ್ಯ ವಿಲೇವಾರಿಯ ಬಿಲ್ಲನ್ನು ನಾನು ಮೊದಲ ಅಂದಾಜಿನಲ್ಲಿ ಸೇರಿಸಿಯೇ ಇರಲಿಲ್ಲ. ಎರಡನೆಯ ವರ್ಷ ಸಿಂಟಿಲೇಶನ್ ದ್ರಾವಣ ಕೊಳ್ಳಲು ಪಕ್ಕದ ಪ್ರಯೋಗಾಲಯದವರ ಮುಂದೆ ಕೈಚಾಚಬೇಕಾಯಿತು, ಅವರು ಕೊಟ್ಟರು, ಜೊತೆಗೆ ಒಂದಿಷ್ಟು ಉಪದೇಶವನ್ನೂ ಕೊಟ್ಟರು.

ಯಾವ ಎಚ್‌ಡಿಎಲ್ ಚುಚ್ಚಬೇಕು ಎಂಬುದರಲ್ಲೂ ನಾನು ಎಡವಿದೆ. ಸಹಜ ಇಲಿಗೆ ಸಹಜ ಇಲಿಯದು, ನಾಕ್‌ಔಟ್‌ಗೆ ನಾಕ್‌ಔಟಿನದು ಎಂದು ಆರಂಭಿಸಿದ್ದೆ, ಅದೇ ನ್ಯಾಯವೆಂದು ತೋರಿತ್ತು. ಆದರೆ ನಾಕ್‌ಔಟಿನ ದಪ್ಪ ಕಣಗಳು 1.063ರ ಸಾಂದ್ರತೆಯಲ್ಲಿ ಅರ್ಧಕ್ಕರ್ಧ ಮೇಲಕ್ಕೆ ತೇಲಿ ಎಲ್‌ಡಿಎಲ್ ಭಾಗಕ್ಕೆ ಸೇರಿಕೊಂಡವು, ಉಳಿದದ್ದು ಆ ಇಲಿಯ ಎಚ್‌ಡಿಎಲ್‌ನ ಪ್ರತಿನಿಧಿಯೇ ಆಗಿರಲಿಲ್ಲ. ಮೇಲಾಗಿ ಗೆರೆಗಳು ಬೇರೆಯಾದರೆ ಅದು ರಿಸೆಪ್ಟರ್ ಇಲ್ಲದ್ದಕ್ಕೋ ಕಣವೇ ಬೇರೆಯಾದದ್ದಕ್ಕೋ ಎಂದು ಹೇಳುವ ದಾರಿ ಮುಚ್ಚಿಹೋಗುತ್ತದೆ. ಆದ್ದರಿಂದ ಸಹಜ ಇಲಿಗಳ ಎಚ್‌ಡಿಎಲ್ ಅನ್ನೇ, ಒಂದೇ ತಯಾರಿಯದನ್ನೇ, ಒಂದೇ ದಿನ ಎರಡೂ ಗುಂಪಿಗೆ ಚುಚ್ಚುವುದೆಂದು ತೀರ್ಮಾನಿಸಿದೆ. ಒಂದು ತಯಾರಿಗೆ ಇಪ್ಪತ್ತೈದು ಇಲಿಗಳ ಪ್ಲಾಸ್ಮಾ ಬೇಕು, ಆದರೆ ಅವು ಸಹಜ ಇಲಿಗಳಾದ್ದರಿಂದ ಕೊರತೆಯಿಲ್ಲ.

ನಕ್ಕವರ ಮುಖ್ಯ ಆಕ್ಷೇಪ ರಕ್ತದ ಪ್ರಮಾಣದ್ದು. ಇಪ್ಪತ್ತೈದು ಗ್ರಾಮಿನ ಇಲಿಯಲ್ಲಿ ರಕ್ತವಿರುವುದೇ ಎರಡು ಮಿಲಿಲೀಟರಿಗೆ ತುಸು ಕಡಿಮೆ, ಏಳು ಸಲ ಐವತ್ತೈವತ್ತು ಮೈಕ್ರೋಲೀಟರ್ ತೆಗೆದರೆ ಐದರಲ್ಲೊಂದು ಪಾಲು ಖಾಲಿ, ಉಳಿದ ರಕ್ತ ತೆಳುವಾಗಿ ಗೆರೆ ಸುಳ್ಳಾಗುತ್ತದೆ. ಆಕ್ಷೇಪ ಸರಿಯಾದದ್ದೇ. ಹೀಗಾಗಿ ಹೆಪಾರಿನ್ ಲೇಪಿಸಿದ ಹೆಮಟೊಕ್ರಿಟ್ ನಳಿಕೆಯಲ್ಲಿ ಇಪ್ಪತ್ತು ಮೈಕ್ರೋಲೀಟರಿಗೆ ಮಸಿಯ ಗೆರೆ ಎಳೆದು, ಅದಕ್ಕಿಂತ ಒಂದು ಹನಿಯೂ ಹೆಚ್ಚು ತೆಗೆಯದಂತೆ ಕೈಯನ್ನು ಪಳಗಿಸಿಕೊಂಡೆ. ನಳಿಕೆಯನ್ನು ತಿರುಗಿಸಿದ ಮೇಲೆ ಕೆಂಪಿನ ಮೇಲೆ ನಿಲ್ಲುವ ಹಳದಿ ಪಟ್ಟಿ ಬೆರಳಿನ ಉಗುರಿನಷ್ಟೂ ಉದ್ದವಿರುವುದಿಲ್ಲ. ಗಾಜನ್ನು ಕೆಂಪು ಹಳದಿಯ ಗಡಿಯಿಂದ ಕೂದಲೆಳೆಯಷ್ಟು ಮೇಲೆ ಗೀರಿ, ಮುರಿದು, ಎಂಟು ಮೈಕ್ರೋಲೀಟರ್ ಎತ್ತಬೇಕು. ಗೀರುವುದು ಕೆಳಗಾದರೆ ರಕ್ತಕಣ ಬೆರೆಯುತ್ತದೆ, ಮೇಲಾದರೆ ಪ್ಲಾಸ್ಮಾ ಸಾಲುವುದಿಲ್ಲ. 10 ನಿಮಿಷ, 1, 3, 6, 10, 16, 24 ಗಂಟೆ, ಇವು ನನ್ನ ಸಮಯಗಳು. ಬೆಳಿಗ್ಗೆ ಏಳಕ್ಕೆ ಚುಚ್ಚಿದರೆ ಹದಿನಾರನೆಯ ಗಂಟೆ ರಾತ್ರಿ ಹನ್ನೊಂದಕ್ಕೆ ಬರುತ್ತದೆ, ಮನುಷ್ಯನಿಗೂ ನಿದ್ದೆ ಬೇಕಲ್ಲ.

ಇಲ್ಲಿಯೂ ಒಂದು ಪಾಠ ದುಬಾರಿಯಾಗಿಯೇ ಸಿಕ್ಕಿತು. ಮೊದಲ ಆರು ಇಲಿಗಳಿಗೆ ಬಾಲದ ರಕ್ತನಾಳಕ್ಕೇ ಚುಚ್ಚಿ, ರಕ್ತವನ್ನೂ ಬಾಲದ ತುದಿಯಿಂದಲೇ ತೆಗೆದಿದ್ದೆ. ಒಂದು ಗಂಟೆಯ ಎಣಿಕೆ ಹತ್ತು ನಿಮಿಷದ್ದಕ್ಕಿಂತ ಹೆಚ್ಚು ಬಂದಾಗ ಯಂತ್ರ ಕೆಟ್ಟಿದೆ ಎಂದುಕೊಂಡೆ. ಚುಚ್ಚಿದ ಜಾಗದಲ್ಲಿ ಸೋರಿ ಉಳಿದದ್ದು ನಿಧಾನವಾಗಿ ಬಾಲದ ಹನಿಗೆ ಬೆರೆಯುತ್ತಿತ್ತು, ಯಂತ್ರಕ್ಕೇನೂ ಆಗಿರಲಿಲ್ಲ. ಆರು ಇಲಿಗಳ ದತ್ತಾಂಶ ಕಸದಬುಟ್ಟಿಗೆ ಹೋಯಿತು, ಅದರಲ್ಲಿ ಮೂರು ನಾಕ್‌ಔಟ್. ಈಗ ರಕ್ತವನ್ನು ಹಿಂಗಾಲಿನ ಸಫೀನಸ್ ನಾಳದಿಂದ ತೆಗೆಯುತ್ತೇನೆ, ಕೊನೆಯಲ್ಲಿ ಬಾಲವನ್ನು ಬೇರೆಯಾಗಿ ಗಾಮಾ ಕೌಂಟರಿನಲ್ಲಿಟ್ಟು, ಚುಚ್ಚಿದ್ದರ ಶೇಕಡ 5ಕ್ಕಿಂತ ಹೆಚ್ಚು ಅಲ್ಲೇ ಉಳಿದಿದ್ದರೆ ಆ ಇಲಿಯನ್ನು ಲೆಕ್ಕದಿಂದ ಬಿಡುತ್ತೇನೆ.

ಎಣಿಕೆಯಲ್ಲಿ ತೊಡಕೆಂದರೆ ಅಯೋಡಿನ್-125 ಟ್ರಿಟಿಯಂ ಎಣಿಸುವ ಕಿಂಡಿಯಲ್ಲೂ ಇಣುಕುತ್ತದೆ. ಮೊದಲು ಗಾಮಾ ಎಣಿಸಿ, ಆಮೇಲೆ ಕ್ಲೋರೋಫಾರಂ ಮೆಥನಾಲಿನಲ್ಲಿ ಕೊಬ್ಬನ್ನು ಎಳೆದು, ಆ ಕೊಬ್ಬಿನ ಭಾಗವನ್ನು ಮತ್ತೊಮ್ಮೆ ಗಾಮಾದಲ್ಲಿಟ್ಟು ಉಳಿದ ಅಯೋಡಿನನ್ನು ಕಳೆದು, ನಂತರವೇ ಟ್ರಿಟಿಯಂ ಎಣಿಸಬೇಕು. ಸಂಶೋಧನಾ ಲೇಖನಗಳಲ್ಲಿ ಇದು ಒಂದು ಸಾಲು, ಮೇಜಿನ ಮೇಲೆ ಮೂರು ದಿನದ ಕೆಲಸ. ಈ ತಿದ್ದುಪಡಿಯನ್ನು ನಂಬುವುದಿಲ್ಲ ಎಂದು ಒಬ್ಬರು ಖಡಾಖಂಡಿತವಾಗಿ ಹೇಳಿದ್ದರು.

ಆರನೆಯ ಸರಣಿಯಲ್ಲಿ ಎಲ್ಲವೂ ಕೂಡಿಬಂತು, ಎಂಟು ಸಹಜ ಇಲಿಗಳು, ಏಳು ನಾಕ್‌ಔಟ್. ಸಹಜ ಇಲಿಗಳಲ್ಲಿ ಈಥರಿನ ಗೆರೆ ಪ್ರೋಟೀನಿನ ಗೆರೆಯಿಂದ ಒಂದನೆಯ ಗಂಟೆಯಲ್ಲೇ ಕಳಚಿಕೊಂಡು ಕೆಳಕ್ಕೆ ಜಾರಿತು. ಲೆಕ್ಕ ಹಾಕಿದಾಗ ಗಂಟೆಗೆ ಎಸ್ಟರಿನ ಶೇಕಡ 15ರಷ್ಟು, ಪ್ರೋಟೀನಿನ ಶೇಕಡ 7ರಷ್ಟು ರಕ್ತ ಬಿಡುತ್ತಿತ್ತು ಎಂದು ನೆನಪು, ಹೆಚ್ಚುಕಡಿಮೆ ಎರಡಕ್ಕೊಂದು. ನಾಕ್‌ಔಟ್‌ಗಳಲ್ಲಿ ಎರಡು ಗೆರೆಗಳು ಕೊನೆಯವರೆಗೂ ಒಂದರ ಮೇಲೊಂದು ಕುಳಿತೇ ಇಳಿದವು. ಮೊದಲ ಸಲ ಚಿತ್ರ ತೆಗೆದಾಗ ಒಂದು ಗೆರೆಯನ್ನು ಹಾಕಲು ಮರೆತಿದ್ದೇನೆ ಎಂದೇ ಭಾವಿಸಿ ಮತ್ತೆ ಮುದ್ರಿಸಿದೆ. ಸಹಜ ಇಲಿಯ ಯಕೃತ್ತಿನಲ್ಲಿ ಚುಚ್ಚಿದ ಈಥರಿನ ಅರ್ಧಕ್ಕಿಂತ ಹೆಚ್ಚು ಸಿಕ್ಕಿತು, ಪ್ರೋಟೀನಿನ ಗುರುತು ಸುಮಾರು ಐದರಲ್ಲೊಂದು ಪಾಲು. ನಾಕ್‌ಔಟ್ ಯಕೃತ್ತಿನಲ್ಲಿ ಈಥರೂ ಪ್ರೋಟೀನಿನ ಮಟ್ಟಕ್ಕೇ ಇಳಿದಿತ್ತು, ಅಂದರೆ ಇಡೀ ಕಣವನ್ನು ನುಂಗಿದಾಗ ಬರುವಷ್ಟೇ ಬಂದಿತ್ತು. ಅಡ್ರಿನಲ್‌ನಲ್ಲೂ ಹಾಗೆಯೇ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಸಮಾಧಾನ ಕೊಟ್ಟದ್ದು ಮೂತ್ರಪಿಂಡ. ಅಲ್ಲಿ ಅಪೊ ಎ-1 ಸೋಸಿಬಂದು ಹೀರಲ್ಪಡುವುದರಿಂದ ಪ್ರೋಟೀನಿನ ಗುರುತು ಈಥರಿಗಿಂತ ಹೆಚ್ಚಿರಬೇಕು, ಆ ಕೆಲಸಕ್ಕೂ ಎಸ್‌ಆರ್-ಬಿ1ಕ್ಕೂ ಸಂಬಂಧವಿಲ್ಲ. ಎರಡೂ ಗುಂಪಿನಲ್ಲಿ ಅದು ಹಾಗೆಯೇ, ಒಂದೇ ಪ್ರಮಾಣದಲ್ಲಿ ಬಂತು. ಗುರುತುಗಳು ಎಲ್ಲೋ ಒಟ್ಟಿಗೆ ಅಂಟಿಕೊಂಡು ನಾಕ್‌ಔಟ್‌ನಲ್ಲಿ ಗೆರೆಗಳು ಕೂಡಿದಂತೆ ಕಂಡಿರಬಹುದು ಎನ್ನುವವರಿಗೆ ನಾನು ಈಗಲೂ ಈ ಒಂದು ಅಂಗದ ಸಂಖ್ಯೆಗಳನ್ನೇ ತೋರಿಸುವುದು.

ನಡುವೆ ಅಡ್ಡದಾರಿಗಳನ್ನೂ ತುಳಿದಿದ್ದೇನೆ. ಕೊಲಾಜಿನೇಸ್ ಹಾಯಿಸಿ ಬಿಡಿಸಿದ ಯಕೃತ್ತಿನ ಕೋಶಗಳಿಗೆ ಈ ರಿಸೆಪ್ಟರಿನ ಕೆಲಸ ತಡೆಯುವ ಬಿಎಲ್‌ಟಿ-1 ಎಂಬ ರಾಸಾಯನಿಕ ಹಾಕಿದಾಗ ಈಥರಿನ ಹೀರಿಕೆ ನೆಲಕಚ್ಚಿತು, ಆದರೆ ಎಚ್‌ಡಿಎಲ್ ಅಂಟಿಕೊಳ್ಳುವುದು ಕಡಿಮೆಯಾಗುವ ಬದಲು ಹೆಚ್ಚಾಯಿತು. ಕೊಳವೆಗಳಿಗೆ ಹೆಸರಿಡುವಾಗ ತಪ್ಪಿತೆಂದು ಮೂರು ಸಲ ಮಾಡಿದೆ, ಆಮೇಲೆ ತಿಳಿಯಿತು, ಆ ರಾಸಾಯನಿಕದ ಗುಣವೇ ಅದು, ಕಣವನ್ನು ಬಾಗಿಲಲ್ಲಿ ಹಿಡಿದು ನಿಲ್ಲಿಸುತ್ತದೆ, ಹೊರೆ ಇಳಿಸಲು ಬಿಡುವುದಿಲ್ಲ. ಸಹಜ ಇಲಿಗಳಿಗೆ ರಕ್ತದ ಕೊಬ್ಬು ಇಳಿಸುವ ಫೈಬ್ರೇಟ್ ಔಷಧಿ ಬೆರೆಸಿದ ಮೇವನ್ನು ಒಂದು ವಾರ ಹಾಕಿದೆ. ಯಕೃತ್ತಿನಲ್ಲಿ ರಿಸೆಪ್ಟರಿನ ಪ್ರೋಟೀನು ಎದ್ದುಕಾಣುವಷ್ಟು ಇಳಿಯಿತು, ಆರ್‌ಎನ್‌ಎ ಮಾತ್ರ ಅಲ್ಲಾಡಲಿಲ್ಲ. ಪಿಡಿಝಡ್‌ಕೆ1 ಎಂಬ ಆಸರೆ ಪ್ರೋಟೀನಿನ ಬಲವಿಲ್ಲದೆ ಈ ರಿಸೆಪ್ಟರ್ ಯಕೃತ್ತಿನಲ್ಲಿ ನಿಲ್ಲುವುದಿಲ್ಲ ಎಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ, ಆದರೆ ಇಲಿಗೆ ಯಾವುದೋ ಕಾರಣಕ್ಕೆ ಫೈಬ್ರೇಟ್ ಕೊಡುತ್ತಿರುವವರು ಎಚ್‌ಡಿಎಲ್‌ನ ಲೆಕ್ಕದಲ್ಲಿ ಇದನ್ನು ಮರೆಯಬಾರದು. ವೈರಸ್ಸಿನಿಂದ ಯಕೃತ್ತಿನಲ್ಲಿ ರಿಸೆಪ್ಟರನ್ನು ಹೆಚ್ಚಿಸುವ ಪ್ರಯೋಗವನ್ನೂ ಕೈಗೆತ್ತಿಕೊಂಡೆ. ನಾಲ್ಕನೆಯ ದಿನಕ್ಕೆ ರಕ್ತದ ಎಚ್‌ಡಿಎಲ್ ಅಳೆಯಲೂ ಸಿಗದಷ್ಟು ಬತ್ತಿತು, ಪಿತ್ತರಸದಲ್ಲಿ ಕೊಲೆಸ್ಟರಾಲ್ ಏರಿತು. 1997ರಲ್ಲಿ ವರದಿಯಾದದ್ದೇ ಇದು, ಆದರೆ ಕಣ್ಣಾರೆ ನೋಡುವುದೇ ಬೇರೆ. ಅಳೆಯಬೇಕಾದ ಎಚ್‌ಡಿಎಲ್ಲೇ ಇಲ್ಲದ ಪ್ರಾಣಿಯಲ್ಲಿ ನನ್ನ ವಿಧಾನಕ್ಕೆ ಕೆಲಸವಿಲ್ಲವಾದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆ.

ಒಳ್ಳೆಯ ಕೊಲೆಸ್ಟರಾಲ್ ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ, ನಿಮ್ಮ ನಾಕ್‌ಔಟ್‌ಗಳು ಪುಣ್ಯವಂತವಲ್ಲವೇ ಎಂದು ಕೇಳುವವರು ಈಗಲೂ ಇದ್ದಾರೆ. ಇದೇ ಇಲಿಯಲ್ಲಿ ಅಪೊ ಇಯನ್ನೂ ತೆಗೆದರೆ ಹೃದಯದ ರಕ್ತನಾಳಗಳು ಕಟ್ಟಿಕೊಂಡು ಅದು ಎಂಟು ವಾರ ದಾಟುವುದಿಲ್ಲ. 2016ರಲ್ಲಿ ವರದಿಯಾದ, ಇದೇ ರಿಸೆಪ್ಟರಿನಲ್ಲಿ ಪಿ376ಎಲ್ ಎಂಬ ಬದಲಾವಣೆ ಹೊತ್ತ ಮನುಷ್ಯರಲ್ಲೂ ಎಚ್‌ಡಿಎಲ್ ಹೆಚ್ಚಿತ್ತು, ಹೃದ್ರೋಗದ ಅಪಾಯವೂ ಹೆಚ್ಚಿತ್ತು. ನಾಕ್‌ಔಟ್‌ಗಳ ರಕ್ತದಲ್ಲಿ ನಾನು ಕಂಡದ್ದು ಇಳಿಸುವವರಿಲ್ಲದೆ ಸಾಲುಗಟ್ಟಿ ನಿಂತ ಹೊರೆಗಾಡಿಗಳನ್ನು.

ತಿದ್ದುಪಡಿಯನ್ನು ನಂಬದವರಿಗಾಗಿ ಆರನೆಯ ಸರಣಿಯ ಕೊಬ್ಬಿನ ಕುಪ್ಪಿಗಳನ್ನು ಎಸೆಯದೆ ಸೀಸದ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ವರ್ಷ ಕಳೆಯುವಷ್ಟರಲ್ಲಿ ಅಯೋಡಿನ್ ಆರು ಅರ್ಧಾಯುಷ್ಯ ದಾಟಿ ಅರವತ್ತನಾಲ್ಕರಲ್ಲೊಂದು ಪಾಲಿಗೆ ಇಳಿದಿರುತ್ತದೆ, ಟ್ರಿಟಿಯಂ ಶೇಕಡ 5ರಷ್ಟು ಮಾತ್ರ ಕಳೆದುಕೊಂಡಿರುತ್ತದೆ. ದ್ರಾವಣ ಆರಿದ್ದ ನಾಲ್ಕು ಕುಪ್ಪಿಗಳನ್ನು ಬಿಟ್ಟು ಉಳಿದವನ್ನೆಲ್ಲ ಕಳೆದ ತಿಂಗಳು ಮತ್ತೆ ಎಣಿಸಿದೆ. ಹಳೆಯ ತಿದ್ದಿದ ಸಂಖ್ಯೆಗೂ ಹೊಸದಕ್ಕೂ ನೂರಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ವ್ಯತ್ಯಾಸ ಎಲ್ಲಿಯೂ ಬರಲಿಲ್ಲ. ಪಟ್ಟಿಯನ್ನು ಮುದ್ರಿಸಿ, ಖಡಾಖಂಡಿತವಾಗಿ ಮಾತಾಡಿದ್ದವರ ಮೇಜಿನ ಮೇಲೆ ಇಟ್ಟುಬಂದೆ. ಮರುದಿನ ಅವರು ತಮ್ಮ ವಿದ್ಯಾರ್ಥಿಯೊಬ್ಬರನ್ನು ನಳಿಕೆ ಗೀರುವುದನ್ನು ಕಲಿಯಲೆಂದು ನನ್ನ ಬಳಿಗೆ ಕಳಿಸಿದರು.